ತಿರುವಿನ ತನಕ

ಬಿಡಿಭಾಗಗಳ ಅಂಗಡಿ ತೆರೆಯುವುದಕ್ಕೆ ಇನ್ನೂ ಕಾಲು ಗಂಟೆಯಿದೆ ಎಂದು ಗೊತ್ತಿದ್ದೂ ಒನೊಫ್ರೆ ಬಂದು ಬಾಗಿಲಲ್ಲಿ ನಿಂತುಬಿಟ್ಟಿದ್ದ. ಮನೆಯಲ್ಲೇ ಕೂತಿದ್ದರೆ ಮನಸ್ಸು ಬದಲಾಗಿಬಿಡುತ್ತದೆ ಎಂಬ ಭಯ. ಮೇ ತಿಂಗಳ ಕೊನೆಯ ಶನಿವಾರ. ಗಂಟೆ ಹತ್ತಾಗುತ್ತ ಬಂದಿದ್ದರೂ ಪುಂತಾ ಅರೇನಾಸ್‌ನಲ್ಲಿ ಆಗಷ್ಟೇ ಬೆಳಕು ಹರಿಯುತ್ತಿತ್ತು. ರಸ್ತೆಯಂಚಿನ ನೀರು ಗಟ್ಟಿಯಾಗಿ ಕೂತಿತ್ತು, ಅದರ ಮೇಲೆ ಯಾರೋ ಕಾಲಿಟ್ಟು ಒಡೆದ ಗುರುತು. ಇನ್ನೊಂದು ವಾರದಲ್ಲಿ ಪುರಸಭೆಯವರು ರಸ್ತೆಗೆ ಉಪ್ಪು ಸುರಿಯಲು ಶುರುಮಾಡುತ್ತಾರೆ. ಉಪ್ಪು ಬಿದ್ದ ಮೇಲೆ ಅವನ ಗಾಡಿ, ಆ ಹಳೆಯ ಮೋಟಾರ್‌ಸೈಕಲ್ಲು, ಹೊರಗಿದ್ದರೆ ಅದರ ಕಥೆ ಮುಗಿದ ಹಾಗೆ, ಒಂದೇ ಚಳಿಗಾಲಕ್ಕೆ ತುಕ್ಕು ತಿಂದು ಹಾಕುತ್ತದೆ. ಅಷ್ಟರೊಳಗೆ ಅದನ್ನು ಚಳಿಗಾಲ ಕಳೆಯುವ ತನಕ ಒಳಗೆ ಮಲಗಿಸಬೇಕು. ಇಪ್ಪತ್ತೆರಡು ವರ್ಷದಿಂದ ಅದು ಮಲಗುವುದು ಊರಿನ ಉತ್ತರದ ತುದಿಯಲ್ಲಿರುವ ಬೌದಿಲಿಯೊನ ತಗಡಿನ ಶೆಡ್ಡಿನಲ್ಲಿ. ಈ ವರ್ಷ ಬೌದಿಲಿಯೊ ಬಾ ಎಂದಿಲ್ಲ. ಬರಬೇಡ ಎಂದೂ ಹೇಳಿಲ್ಲ. ಮಾರ್ಚಿನಲ್ಲಿ ಅವನ ಹೆಂಡತಿ ನೆಲ್ಡಾ ಸತ್ತಾಗ ಒನೊಫ್ರೆ ಮುಖ ತೋರಿಸಿರಲಿಲ್ಲ. ಅಲ್ಲಿಂದ ಈಚೆಗೆ ಇಬ್ಬರ ನಡುವೆ ಒಂದು ಮಾತೂ ಆಗಿಲ್ಲ.

ಹಾಗಾಗಿ ಪ್ಲಗ್ಗು. ಎರಡು ಹೊಸ ಸ್ಪಾರ್ಕ್ ಪ್ಲಗ್ ಕೈಯಲ್ಲಿ ಹಿಡಿದುಕೊಂಡು ಹೋದರೆ ಅದೊಂದು ನೆಪ. ಬರಿಗೈಯಲ್ಲಿ ಹೋಗಿ ಏನೆಂದು ನಿಲ್ಲುವುದು? ಅವನೇನು ಹೊರಗಿನವನೇ! ಬೌದಿಲಿಯೊನ ಮಗಳು ನೊಯೆಮಿಯನ್ನು ಇಗರ್ಜಿಯಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ದೀಕ್ಷಾಸ್ನಾನ ಮಾಡಿಸಿದ್ದು ಅವನೇ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಂಪಾದ್ರೆ ಎಂದೇ ಕರೆದುಕೊಂಡವರು. ಆ ಮಾತಿಗೆ ಈ ಸೀಮೆಯಲ್ಲಿ ಒಡಹುಟ್ಟಿದವರಿಗಿಂತ ಹೆಚ್ಚಿನ ತೂಕ. ಬೇರೆ ಯಾರಾದರೂ ಸಾವಿಗೆ ಬರದಿದ್ದರೆ ಏನೋ ತೊಂದರೆಯಿರಬೇಕು ಎಂದು ಬಿಟ್ಟುಬಿಡುತ್ತಾರೆ. ಕೊಂಪಾದ್ರೆ ಬರದಿದ್ದರೆ ಜನ ಏನೂ ಹೇಳುವುದಿಲ್ಲ, ಖಾಲಿ ಕುರ್ಚಿಯನ್ನು ನೋಡುತ್ತಾರೆ ಅಷ್ಟೆ. ಆ ನೋಟ ಒನೊಫ್ರೆಗೆ ಮನೆಯಲ್ಲಿ ಕೂತಿದ್ದಾಗಲೂ ಬೆನ್ನಿಗೆ ಚುಚ್ಚುತ್ತಿತ್ತು.

ಅಂಗಡಿಯ ಯೆರ್ಕಾ ಕನ್ನಡಕವನ್ನು ದಾರದಲ್ಲಿ ಕೊರಳಿಗೆ ನೇತುಹಾಕಿಕೊಳ್ಳುವ ಹೆಂಗಸು. ಅಪ್ಪನ ಕಾಲದಿಂದ ಅದೇ ಕೌಂಟರಿನ ಹಿಂದೆ ನಿಂತವಳು. ನಂಬರ್ ಹೇಳಿ ದೋನ್ ಒನೊಫ್ರೆ, ಎಂದಳು. ಅವನಿಗೆ ಗೊತ್ತಿರಲಿಲ್ಲ. ಹಳೆಯ ಪ್ಲಗ್ ತಂದಿದ್ದೀರಾ? ಅದೂ ಇಲ್ಲ. ಬಿಚ್ಚುವ ಪಾನಾ ಇದ್ದದ್ದು ಬೌದಿಲಿಯೊನ ಹತ್ತಿರ. ಹಿಂದೆ ಇಬ್ಬರು ಗಿರಾಕಿಗಳು ಬಂದು ನಿಂತದ್ದು ಬಟ್ಟೆಯ ಸದ್ದಿನಿಂದಲೇ ತಿಳಿಯಿತು. "ಇಪ್ಪತ್ತೆರಡು ವರ್ಷ ಓಡ್ಸಿದೀರಾ, ನಿಮ್ಮ ಗಾಡಿದು ಯಾವ ಪ್ಲಗ್ ಅಂತ ಗೊತ್ತಿಲ್ವಾ? ಹೆಂಡ್ತಿ ಚಪ್ಪಲಿ ಅಳತೆ ಗೊತ್ತಿಲ್ದೆ ತರೋಕೆ ಬರ್ತಾರಲ್ಲ ಗಂಡಸ್ರು, ಹಾಗಾಯ್ತು ನಿಮ್ಮ ಕಥೆ," ಎಂದಳು ಯೆರ್ಕಾ. ಹಿಂದಿನವನು ನಕ್ಕ. ಮದುವೆಯೇ ಆಗದ ಒನೊಫ್ರೆಯೂ ನಕ್ಕ, ಕಿವಿ ಬಿಸಿಯಾಯಿತು. ಮೂವತ್ತು ವರ್ಷ ಜಲಸಂಧಿಯ ಆಚೆಯ ಪೊರ್ವೆನೀರಿಗೆ ಹೋಗುವ ದೊಡ್ಡ ದೋಣಿಯ ಟಿಕೆಟ್ ಕಿಂಡಿಯಲ್ಲಿ ಕೂತಿದ್ದ ಮನುಷ್ಯ ಅವನು. ಆಗ ತಬ್ಬಿಬ್ಬಾಗುತ್ತಿದ್ದವರು ಹೊರಗೆ ನಿಂತವರು. ಕಿಂಡಿಯಲ್ಲಿ ಅವನಿಗೆ ಮುಖ ಕಾಣುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿತ್ತು. ಕುರಿಯ ಜಿಡ್ಡು ಹತ್ತಿದ ಕೈ, ಬಿರುಕು ಬಿಟ್ಟ ಕೈ, ಉಂಗುರದ ಕೈ. ಯಾವ ಕೈಯನ್ನೂ ಮುಟ್ಟಬೇಕಾದ ಅಗತ್ಯವಿರಲಿಲ್ಲ. ಚೀಟಿಯನ್ನು ಹಲಗೆಯ ಮೇಲೆ ತಳ್ಳಿದರೆ ಆಯಿತು.

ಯೆರ್ಕಾ ಜಿಡ್ಡುಗಟ್ಟಿದ ಪುಸ್ತಕ ತಿರುವಿ ಗಾಡಿಯ ಹೆಸರು ಹುಡುಕಿದಳು. ಉದ್ದ ಸಿಕ್ಕಿತು, ತಿರುಪಿನ ಸುತ್ತಿನ ಅಳತೆ ಸಿಕ್ಕಿತು, ಆದರೂ ಅದರಲ್ಲೇ ಎರಡು ಥರ ಇದೆ ಎಂದಳು. ದೂರ ದೂರ ಓಡಿಸುವವರ ಎಂಜಿನ್ ಕಾದು ಕೆಂಡವಾಗುತ್ತದೆ, ಅವರಿಗೆ ಬಿಸಿಯನ್ನು ಬೇಗ ಬಿಟ್ಟುಕೊಡುವ ತಣ್ಣನೆಯ ಪ್ಲಗ್ ಬೇಕು. ಊರೊಳಗೆ ಚೂರುಪಾರು ಸುತ್ತುವವರದ್ದು ಕಾಯುವುದೇ ಇಲ್ಲ, ಅವರಿಗೆ ಬಿಸಿಯನ್ನು ಹಿಡಿದಿಟ್ಟುಕೊಂಡು ಮಸಿಯನ್ನು ತಾನೇ ಸುಟ್ಟುಕೊಳ್ಳುವಂಥದ್ದು ಬೇಕು. "ನೀವು ಇದ್ರಲ್ಲಿ ಯಾರು?" ಅವಳು ಕೇಳಿದ್ದು ಪ್ಲಗ್ಗಿನ ವಿಷಯ, ಬೇರೇನೂ ಅಲ್ಲ. ಆದರೂ ಒನೊಫ್ರೆಗೆ ಎಲ್ಲರೆದುರು ಅಂಗಿ ಬಿಚ್ಚು ಎಂದ ಹಾಗಾಯಿತು. "ದೂರ," ಎಂದ. "ದೂರಾನೇ ಹೋಗ್ತೀನಿ. ನತಾಲೆಸ್ ಕಡೆಗೆಲ್ಲ." ಸುಳ್ಳು. ನತಾಲೆಸ್‌ಗೆ ಹೋಗಿ ಏಳು ವರ್ಷವಾಗಿತ್ತು. ಈ ಮೂರು ತಿಂಗಳಲ್ಲಿ ಗಾಡಿ ಹೋದದ್ದೆಲ್ಲ ಮನೆಯಿಂದ ಬೌದಿಲಿಯೊನ ಬೀದಿಯ ತಿರುವಿನ ತನಕ, ಅಲ್ಲಿಂದ ವಾಪಸು ಮನೆಗೆ. ಯೆರ್ಕಾ ತಣ್ಣನೆಯ ಪ್ಲಗ್ಗಿನ ಎರಡು ಪುಟ್ಟ ಡಬ್ಬಿಗಳನ್ನು ಮುಂದಿಟ್ಟಳು. ಅವನು ಎಣಿಸದೆ ದುಡ್ಡು ಕೊಟ್ಟು ಹೊರಬಿದ್ದ.

ಗಾಡಿ ನಾಲ್ಕನೆಯ ಕಿಕ್ಕಿಗೆ ಹತ್ತಿಕೊಂಡು ಕೆಮ್ಮಿತು. ಸಮುದ್ರದ ಪಕ್ಕದ ರಸ್ತೆ ಹಿಡಿದ. ಗಾಳಿಯಿರಲಿಲ್ಲ, ಬೇಸಿಗೆಯಲ್ಲಿ ಮನುಷ್ಯರನ್ನೇ ತಳ್ಳಿಕೊಂಡು ಹೋಗುವ ಗಾಳಿ ಈ ತಿಂಗಳಲ್ಲಿ ಎಲ್ಲಿಗೆ ಹೋಗಿ ಸೇರಿಕೊಳ್ಳುತ್ತದೋ. ಜಲಸಂಧಿ ಬೂದುಬಣ್ಣಕ್ಕೆ ತಿರುಗಿ ಮಲಗಿತ್ತು. ಆ ದಿನ ಗಾಳಿಯಿತ್ತು. ಫೆಬ್ರವರಿಯ ಭಾನುವಾರ, ಅಡುಗೆಮನೆಯ ಪಕ್ಕದ ಕೋಣೆಗೆ ನೆಲ್ಡಾಳ ಮಂಚ ತಂದು ಹಾಕಿದ್ದರು, ಒಲೆಯ ಶಾಖ ಸಿಗಲಿ ಎಂದು. ಅವಳು ಹಳದಿಯಾಗಿದ್ದಳು. ಕಣ್ಣಿನ ಬಿಳಿಯೂ ಹಳದಿ. ಬಂದ್ಯಾ ಕೊಂಪಾದ್ರೆ, ಎಂದು ಕೈ ಚಾಚಿದಳು. ಅವನು ಹಿಡಿದುಕೊಂಡ. ಒದ್ದೆ ಕೈ, ಬಿಸಿ, ಚರ್ಮ ಮೂಳೆಗೆ ಅಂಟಿಕೊಂಡಿರದೆ ಜಾರುತ್ತಿತ್ತು. ಔಷಧದ ವಾಸನೆ, ಅದರ ಕೆಳಗೆ ಇನ್ನೊಂದು ವಾಸನೆ. ಅವಳು ಏನೇನೋ ಹೇಳುತ್ತಿದ್ದಳು, ನೊಯೆಮಿಯ ವಿಷಯ, ಕಲಫಾತೆ ಹಣ್ಣು ಈ ಸಲ ಯಾರೂ ಬಿಡಿಸಲಿಲ್ಲ ಎಂದು. ಅವನು ಹೂಂಗುಡುತ್ತ ಯೋಚಿಸುತ್ತಿದ್ದದ್ದು ಒಂದೇ: ಯಾವಾಗ ಬಿಡುತ್ತಾಳೆ. ಇಪ್ಪತ್ತೆರಡು ವರ್ಷ ಭಾನುವಾರ ಭಾನುವಾರ ತಟ್ಟೆಗೆ ಬಡಿಸಿದ ಕೈ ಅದು. ಕೊನೆಗೆ ಬಿಟ್ಟಳು. ಅವನು ಎದ್ದು ಅಡುಗೆಮನೆಗೆ ಬಂದವನೇ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಒಂದು ಸಲ ಅಲ್ಲ, ಎರಡು ಸಲ, ಮೀನು ಹೆಚ್ಚಿದವರು ಒರೆಸಿಕೊಳ್ಳುವ ಹಾಗೆ ಒತ್ತಿ ಒರೆಸಿಕೊಂಡ. ತಲೆ ಎತ್ತಿದರೆ ಹಿತ್ತಿಲ ಬಾಗಿಲಲ್ಲಿ ಬೌದಿಲಿಯೊ, ಕೈಯಲ್ಲಿ ಸೌದೆ. ನೋಡಿದನೋ? ನೋಡಲಿಲ್ಲವೋ? ಗಾಳಿ ಜಾಸ್ತಿ ಆಯ್ತು ಮಾರಾಯ, ಹೊರಡ್ತೀನಿ, ಎಂದ ಒನೊಫ್ರೆ. ಬೌದಿಲಿಯೊ ಹೂಂ ಎಂದ. ಆ ಒಂದು ಹೂಂ ಅನ್ನು ಒನೊಫ್ರೆ ಆಮೇಲೆ ಎಷ್ಟು ಸಲ ಕೇಳಿಸಿಕೊಂಡನೋ ಲೆಕ್ಕವಿಲ್ಲ. ಒಂದೊಂದು ಸಲ ಅದರಲ್ಲಿ ಏನೂ ಇರುತ್ತಿರಲಿಲ್ಲ. ಇನ್ನೊಂದು ಸಲ ಎಲ್ಲವೂ ಇರುತ್ತಿತ್ತು.

ಮತ್ತೆ ಆ ಮನೆಗೆ ಹೋಗಲಾಗಲಿಲ್ಲ. ಈ ವಾರ, ಮುಂದಿನ ವಾರ ಎಂದುಕೊಳ್ಳುತ್ತಿರುವಾಗಲೇ ನೆಲ್ಡಾ ಸತ್ತ ಸುದ್ದಿ ರೇಡಿಯೋದ ಸಾವಿನ ಪಟ್ಟಿಯಲ್ಲಿ ಬಂತು. ಹೆಣದ ಮುಂದೆ ಅವನು ನಿಲ್ಲಲಾರ, ಬೌದಿಲಿಯೊನ ಎದುರು ಅಂತೂ ಆ ದಿನ ನಿಲ್ಲಲಾರ. ಆದರೆ ಒಂಬತ್ತು ದಿನದ ಪ್ರಾರ್ಥನೆ ಇದೆಯಲ್ಲ, ಕೊನೆಯ ಸಂಜೆ ಮನೆತುಂಬ ಜನ, ಊಟ. ಗುಂಪಿನಲ್ಲಿ ತಲೆ ತಗ್ಗಿಸಿ ಕೂತು, ಹೊರಡುವಾಗ ಅವನ ಭುಜ ಹಿಡಿದುಕೊಂಡರಾಯಿತು ಎಂದು ಧೈರ್ಯ ತಂದುಕೊಂಡ. ಎಲ್ಲರ ಮನೆಯಲ್ಲೂ ಹೂಳಿದ ದಿನದಿಂದ ಎಣಿಸುವುದು. ಅವನೂ ಹಾಗೇ ಎಣಿಸಿದ. ಆದರೆ ನೊಯೆಮಿಯ ವಿಮಾನ ತಡವಾಗಿ ಹೂಳುವುದು ಒಂದು ದಿನ ಮುಂದೆ ಹೋಗಿದ್ದರಿಂದ, ಪ್ರಾರ್ಥನೆ ಹೇಳಿಸುವ ಮುದುಕಿ ಕಾಯದೆ ಮೊದಲೇ ಶುರುಮಾಡಿಬಿಟ್ಟಿದ್ದಳು. ಅದು ಅವನಿಗೆ ಹೇಗೆ ಗೊತ್ತಾಗಬೇಕು? ಅವನು ಒಳ್ಳೆಯ ಕೋಟು ಹಾಕಿಕೊಂಡು, ಒಂದು ಕುರಿತೊಡೆಯನ್ನು ಗಾಡಿಯ ಹಿಂದೆ ಕಟ್ಟಿಕೊಂಡು ತಿರುವಿಗೆ ಬಂದಾಗ ಮನೆಯ ಮುಂದೆ ಪಿಕಪ್ ನಿಂತಿತ್ತು. ಪ್ರಾರ್ಥನಾಮಂದಿರದಿಂದ ತಂದಿದ್ದ ಬೆಂಚುಗಳನ್ನು ಇಬ್ಬರು ವಾಪಸು ಏರಿಸುತ್ತಿದ್ದರು. ಬಾಗಿಲಲ್ಲಿ ಪಾತ್ರೆಗಳನ್ನು ಬೋರಲು ಹಾಕಿದ್ದರು. ಎಲ್ಲ ನಿನ್ನೆಯೇ ಮುಗಿದಿತ್ತು. ಸಾವಿಗೂ ಬರಲಿಲ್ಲ, ಊಟಕ್ಕೆ ಮಾತ್ರ ಬಂದ, ಅದಕ್ಕೂ ತಡವಾಗಿ ಬಂದ ಎಂದು ಅಂದುಕೊಳ್ಳುವುದಿಲ್ಲವೇ? ಅವನು ಅಲ್ಲಿಂದಲೇ ಗಾಡಿ ತಿರುಗಿಸಿದ. ಕುರಿತೊಡೆಯನ್ನು ಒಬ್ಬನೇ ಐದು ದಿನ ತಿಂದ.

ಮುಂದೆ ಅದೇ ಅಭ್ಯಾಸವಾಯಿತು. ಭಾನುವಾರ ಬೆಳಗಾದರೆ ಹೊರಡುವುದು, ತಿರುವಿನಲ್ಲಿ ಎಂಜಿನ್ ಆರಿಸದೆ ನಿಲ್ಲುವುದು, ಬೌದಿಲಿಯೊನ ಮನೆಯ ಹೊಗೆಗೊಳವೆಯನ್ನು ನೋಡುವುದು, ಮರಳುವುದು. ಆ ಮನೆಯ ಭಾನುವಾರ ಬಿಟ್ಟರೆ ಅವನ ವಾರದಲ್ಲಿ ಇನ್ನೇನೂ ಇರಲಿಲ್ಲ, ಅದೇ ಸತ್ಯ. ಬೇಸಿಗೆಯಲ್ಲಾದರೆ ಸವಾರಿಯ ನೆಪ. ಚಳಿಗಾಲದಲ್ಲಿ ಬ್ಯಾಟರಿಯ ನೆಪ: ಗಾಡಿಯಿಂದ ಬಿಚ್ಚಿದ ಬ್ಯಾಟರಿಯನ್ನು ನೆಲ್ಡಾ ತನ್ನ ಅಡುಗೆಮನೆಯಲ್ಲಿ, ಒಲೆಯಿಂದ ಮೂರು ಹೆಜ್ಜೆ ದೂರಕ್ಕೆ, ಹಲಗೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು, ಅದಕ್ಕೆ ಚಾರ್ಜ್ ಹಾಕಲು ಅವನು ಬರಬೇಕು, ಬಂದವನು ಉಣ್ಣಬೇಕು, ಉಂಡವನು ಕತ್ತಲಾಗುವ ತನಕ ಕೂತು ಮಾತೆ ಎಲೆಯ ಬಿಸಿ ಕಷಾಯ ಕುಡಿಯಬೇಕು. ಜೂನ್, ಜುಲೈ, ಆಗಸ್ಟ್ ಹೀಗೇ ಕಳೆಯುತ್ತಿದ್ದವು. ಈ ಸಲವೂ ಆ ಬ್ಯಾಟರಿ ಆ ಹಲಗೆಯ ಮೇಲೆ ಕೂತರೆ ಸಾಕು, ಇನ್ನೇನೂ ಬೇಡ. ಕ್ಷಮೆಯ ಮಾತನ್ನು ಬೌದಿಲಿಯೊ ಬಾಯಿಬಿಟ್ಟು ಆಡುವುದೇ ಬೇಡ.

ತಿರುವು ಬಂತು. ಕೈ ತಾನಾಗಿ ಬ್ರೇಕಿನ ಮೇಲೆ ಹೋಯಿತು. ಇವತ್ತು ನಿಲ್ಲಬಾರದು ಎಂದು ಹಲ್ಲು ಕಚ್ಚಿ ದಾಟಿದ.

ಬೌದಿಲಿಯೊ ಹಿತ್ತಿಲಲ್ಲಿ ಲೆಂಗಾ ಮರದ ಸೌದೆ ಜೋಡಿಸುತ್ತಿದ್ದ. ಸಣ್ಣಗಾಗಿದ್ದ, ಅಂಗಿಯ ಕೊರಳಪಟ್ಟಿಯೊಳಗೆ ಕುತ್ತಿಗೆ ಅಲ್ಲಾಡುತ್ತಿತ್ತು. ಒನೊಫ್ರೆಯನ್ನು ನೋಡಿ ಅವನ ಮುಖದಲ್ಲಿ ಏನೂ ಆಗಲಿಲ್ಲ. ಗಾಡಿಯನ್ನು ನೋಡಿದ, ಶೆಡ್ಡಿನ ಬಾಗಿಲ ಅಗುಳಿ ತೆಗೆದ. ಒಳಗೆ ತಳ್ಳಿ ಮರದ ದಿಮ್ಮಿಗಳ ಮೇಲೆ ಏರಿಸಿದರು. ಯಾರು ಎಲ್ಲಿ ಹಿಡಿಯಬೇಕೆಂದು ಕೈಗಳಿಗೆ ಗೊತ್ತಿತ್ತು. ಒನೊಫ್ರೆಗೆ ಎದೆ ಹಗುರಾಗತೊಡಗಿತು. ನೋಡು, ಎಷ್ಟು ಸುಲಭ, ಸುಮ್ಮನೆ ಮೂರು ತಿಂಗಳು ಮನಸ್ಸಿನಲ್ಲೇ ಬೆಂದೆ ಎಂದುಕೊಂಡ. ಜೇಬಿನಿಂದ ಡಬ್ಬಿಗಳನ್ನು ತೆಗೆದು ಬೆಂಚಿನ ಮೇಲೆ ಇಟ್ಟ.

"ಪ್ಲಗ್ ತಂದೆ, ಕೊಂಪಾದ್ರೆ."

ಬೌದಿಲಿಯೊ ಡಬ್ಬಿಯನ್ನು ಬೆಳಕಿಗೆ ಹಿಡಿದು ನಂಬರ್ ಓದಿದ. ಪಾನಾ ತೆಗೆದುಕೊಂಡು ಹಳೆಯ ಪ್ಲಗ್ಗುಗಳನ್ನು ಬಿಚ್ಚಿದ. ಅವನು ಪ್ಲಗ್ ನೋಡುವ ರೀತಿಯೇ ಬೇರೆ. ಕನ್ನಡಕವನ್ನು ಹಣೆಗೇರಿಸಿ, ಮೂಗಿನ ಹತ್ತಿರ ತಂದು, ತಿರುಗಿಸಿ ತಿರುಗಿಸಿ ನೋಡುತ್ತಾನೆ. ಹದವಾಗಿ ಬೆಂದ ರೊಟ್ಟಿಯ ಬಣ್ಣವಿದ್ದರೆ ಗಾಡಿ ಸುಖವಾಗಿದೆ ಎಂದು ಅರ್ಥ. ಈ ಎರಡೂ ಕಪ್ಪಗಿದ್ದವು, ಒಣ ಮಸಿ ಕಟ್ಟಿಕೊಂಡು ಬೆರಳಿಗೆ ಹತ್ತುತ್ತಿದ್ದವು.

"ಹೊಸದು ದೂರ ಓಡ್ಸೋರದ್ದು," ಎಂದ ಬೌದಿಲಿಯೊ. "ಹಳೇದು ನೋಡಿದ್ರೆ ಗಾಡಿ ಒಂದು ದಿನಾನೂ ಕಾದಿಲ್ಲ. ಎರಡು ಮೈಲಿ ಬರೋದು, ನಿಂತಲ್ಲೇ ಉರೀತಾ ಇರೋದು, ಮತ್ತೆ ಎರಡು ಮೈಲಿ. ಅಂಗಡೀಲಿ ಏನಂತ ಹೇಳ್ದೆ?"

ಒನೊಫ್ರೆ ಡಬ್ಬಿಗಳನ್ನು ಮತ್ತೆ ಜೇಬಿಗೆ ಹಾಕಿಕೊಳ್ಳಲು ಕೈ ಚಾಚಿದ.

"ಅದೂ ಇರ್ಲಿ. ಮೇ ತಿಂಗಳಲ್ಲಿ ಯಾರಾದ್ರೂ ಹೊಸ ಪ್ಲಗ್ ಹಾಕ್ತಾರಾ? ಮಲಗಿಸೋ ಮುಂಚೆ ಒಳಗೆ ಎಣ್ಣೆ ಹುಯ್ತೀವಿ, ಹೊಸದು ಅದ್ರಲ್ಲಿ ನೆಂದು ಹಾಳಾಗುತ್ತೆ. ಹಳೇದನ್ನೇ ಹಾಕಿ ಮುಚ್ಚೋದು, ಹೊಸದು ಸೆಪ್ಟೆಂಬರಿಗೆ. ಇಪ್ಪತ್ತೆರಡು ವರ್ಷ ಇಲ್ಲೇ ನಿಂತು ನೋಡಿದೀಯ."

ನಿಂತಿದ್ದ, ನಿಜ. ಆದರೆ ನೋಡಿರಲಿಲ್ಲ. ಆ ಹೊತ್ತಿಗೆ ಅಡುಗೆಮನೆಯಿಂದ ಹುರಿದ ಈರುಳ್ಳಿಯ ವಾಸನೆ ಬರುತ್ತಿತ್ತು, ಅವನ ಗಮನವೆಲ್ಲ ಆ ಕಡೆ. ಬೌದಿಲಿಯೊ ಎಂಜಿನ್ನಿನ ಎರಡು ತೂತುಗಳಿಗೂ ಒಂದೊಂದು ಚಮಚ ಎಣ್ಣೆ ಬಿಟ್ಟು, ಕಿಕ್ಕನ್ನು ಕೈಯಿಂದಲೇ ಮೆಲ್ಲಗೆ ನಾಲ್ಕು ಸಲ ಒತ್ತಿದ. ಹಳೆಯ ಪ್ಲಗ್ಗುಗಳಿಗೆ ತಂತಿ ಬ್ರಷ್ ಹಾಕುತ್ತ, ತಲೆ ಎತ್ತದೆ, ಹೊಸ ವಿಷಯವೇನಲ್ಲ ಎಂಬಂತೆ ಹೇಳಿದ:

"ಪ್ಲಗ್ ನೋಡಿ ಗೊತ್ತಾಗ್ಬೇಕಾಗಿರ್ಲಿಲ್ಲ. ಈ ಗಾಡಿ ಸದ್ದು ನಂಗೆ ಗೊತ್ತಿಲ್ವಾ? ತಿರುವಲ್ಲಿ ಬಂದು ನಿಲ್ತಿದ್ದೆ. ನಾನು ಕೇಳಿಸ್ಕೊಂಡು ಒಲೆ ಮೇಲೆ ನೀರು ಇಡ್ತಿದ್ದೆ, ಬಂದ, ಮಾತೆ ಕುಡೀತಾನೆ ಅಂತ. ನೀರು ಕಾಯೋ ಹೊತ್ತಿಗೆ ನೀನು ಹೋಗಿರ್ತಿದ್ದೆ. ಏಳು ಭಾನುವಾರ ಇಟ್ಟೆ. ಎಂಟನೇ ಸಲ ಇಡ್ಲಿಲ್ಲ."

ಏಳು ಸಲ! ಗೋಡೆಯ ಆಚೆ ಒಬ್ಬ ನೀರಿಟ್ಟು ಕಾದಿದ್ದಾನೆ, ಈಚೆ ಒಬ್ಬ ಹೊಗೆಗೊಳವೆ ನೋಡುತ್ತ ನಿಂತಿದ್ದಾನೆ. ಈಗ ಹೇಳದಿದ್ದರೆ ಇನ್ನು ಎಂದೂ ಹೇಳಲಾಗುವುದಿಲ್ಲ ಎಂದು ಒನೊಫ್ರೆಗೆ ತಿಳಿಯಿತು, ಹೇಳಿದರೆ ಎಲ್ಲ ಕೆಡುತ್ತದೆ ಎಂದೂ ತಿಳಿಯಿತು.

"ನೆಲ್ಡಾ ಕೈ ಹಿಡ್ಕೊಂಡಿದ್ಲಲ್ಲ ಆವತ್ತು," ಎಂದ. "ಆಚೆ ಬಂದು ನಾನು ಕೈ ಒರೆಸ್ಕೊಂಡೆ. ನೀನು ನೋಡ್ದೆ. ಅದಕ್ಕೇ ಬರೋಕೆ ಮುಖ ಇರ್ಲಿಲ್ಲ."

ಬ್ರಷ್ ನಿಂತಿತು.

"ನಾನು ನೋಡ್ಲಿಲ್ಲ," ಎಂದ ಬೌದಿಲಿಯೊ. ಒನೊಫ್ರೆ ಉಸಿರು ಬಿಡುವಷ್ಟರಲ್ಲಿ ಮುಂದುವರಿಸಿದ. "ಅವಳು ನೋಡಿದ್ಲು. ಬಾಗಿಲು ತೆಗೆದೇ ಇತ್ತು, ಮಂಚದಿಂದ ಕಾಣುತ್ತೆ. 'ಪಾಪ, ಒನೊಫ್ರೆಗೆ ಕಸಿವಿಸಿ ಆಯ್ತು ಕಣೋ, ನನ್ನ ಕೈ ಬೆವರುತ್ತೆ. ದಿಂಬಿನ ಪಕ್ಕ ಒಂದು ಟವೆಲ್ ಇಟ್ಟಿರು, ಮುಂದಿನ ಸಲ ಅವನು ಬಂದ್ರೆ ಮೊದ್ಲು ಒರೆಸ್ಕೊಂಡು ಆಮೇಲೆ ಕೈ ಕೊಡ್ತೀನಿ' ಅಂದ್ಲು. ಇಟ್ಟೆ. ಹತ್ತೊಂಬತ್ತು ದಿನ ಅಲ್ಲೇ ಇತ್ತು. ಯಾರ್ಗೂ ಮುಟ್ಟೋಕೆ ಬಿಡ್ಲಿಲ್ಲ ಅವಳು."

ಶೆಡ್ಡಿನ ತಗಡಿನಿಂದ ಕರಗಿದ ಹಿಮದ ನೀರು ತೊಟ್ಟಿಕ್ಕುತ್ತಿತ್ತು. ಒನೊಫ್ರೆ ಅಳುತ್ತಿದ್ದ, ಅಳುವಿನಲ್ಲೂ ಒಂದು ಮೂಲೆಯಲ್ಲಿ ಈಗ ಇವನು ಹತ್ತಿರ ಬಂದು ಬೆನ್ನು ತಟ್ಟುತ್ತಾನೆ, ಒಳಗೆ ಬಾ ಎನ್ನುತ್ತಾನೆ ಎಂದು ಕಾಯುತ್ತಿದ್ದ, ಹಾಗೆ ಕಾಯುತ್ತಿರುವುದು ಅವನಿಗೇ ಕಾಣಿಸಿ ಹೇಸಿಗೆಯಾಯಿತು. ಬೌದಿಲಿಯೊ ಪ್ಲಗ್ಗುಗಳನ್ನು ಬೆರಳಿನಿಂದಲೇ ತಿರುಗಿಸಿ ಕೂರಿಸಿದ, ಪಾನಾದಿಂದ ಕಾಲು ಸುತ್ತು ಬಿಗಿದ. ಕಾರ್ಬೊರೇಟರಿನ ಪೆಟ್ರೋಲು ಬಸಿದ. ಇಲಿ ಹೋಗದಂತೆ ಸೈಲೆನ್ಸರಿನ ಬಾಯಿಗೆ ಚಿಂದಿ ತುರುಕಿದ. ಹಳೆಯ ಕಂಬಳಿ ಹೊದಿಸಿದ. ಯಾವುದನ್ನೂ ಅವಸರ ಮಾಡಲಿಲ್ಲ, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಬ್ಯಾಟರಿ ಬಿಚ್ಚಿ, ಧೂಳು ಒರೆಸಿ, ಒನೊಫ್ರೆಯ ಕೈಗೆ ಕೊಟ್ಟ.

"ಇದನ್ನ ಮನೆಗೆ ತಗೊಂಡು ಹೋಗು."

"ನನ್ನ ಹತ್ರ ಚಾರ್ಜರ್ ಇಲ್ಲ," ಎಂದ ಒನೊಫ್ರೆ. ಅವನ ಧ್ವನಿ ಬೇಡುವವನದಾಗಿತ್ತು.

ಬೌದಿಲಿಯೊ ಮನೆಯೊಳಗೆ ಹೋದ. ಹೋಗಿ ಬರುವಷ್ಟು ಹೊತ್ತು ಹಿತ್ತಿಲ ಬಾಗಿಲು ತೆರೆದೇ ಇತ್ತು. ಮೇಜಿನ ತುದಿ ಕಂಡಿತು, ಅದರ ಮೇಲೆ ಒಂದೇ ಲೋಟ. ವೈರನ್ನು ಅಚ್ಚುಕಟ್ಟಾಗಿ ಸುತ್ತಿದ ಚಾರ್ಜರನ್ನು ತಂದು ಬ್ಯಾಟರಿಯ ಮೇಲಿಟ್ಟ. "ಹದಿನೈದು ದಿನಕ್ಕೊಂದ್ಸಲ ಹಾಕು. ತಣ್ಣಗಿರೋ ಕಡೆ ಇಡ್ಬೇಡ." ಆಮೇಲೆ ಸ್ವಲ್ಪ ತಡೆದು, ಇದನ್ನೂ ಹೇಳಿಬಿಡುವುದು ಒಳ್ಳೆಯದೆಂಬಂತೆ ಹೇಳಿದ. "ನಂಗೆ ಸಿಟ್ಟಿಲ್ಲ ಒನೊಫ್ರೆ. ಸಿಟ್ಟಿದ್ರೆ ಶೆಡ್ ಬಾಗಿಲೇ ತೆಗೀತಿರ್ಲಿಲ್ಲ. ಆದ್ರೆ ಆ ಅಡುಗೆಮನೇಲಿ ನೀನು ಕೂತಿರೋದನ್ನ ನೋಡೋಕೆ ನನ್ನ ಕೈಲಿ ಆಗಲ್ಲ. ಗಾಡಿ ಇರ್ಲಿ. ಸೆಪ್ಟೆಂಬರಲ್ಲಿ ಬಂದು ತಗೊಂಡು ಹೋಗು."

ಕೊಂಪಾದ್ರೆ ಎನ್ನಲಿಲ್ಲ, ಹೆಸರು ಹಿಡಿದು ಕರೆದ. ಅದನ್ನು ಒನೊಫ್ರೆ ಗಮನಿಸಿದ್ದು ತಿರುವು ದಾಟಿ ಬಹಳ ದೂರ ನಡೆದ ಮೇಲೆ. ಬ್ಯಾಟರಿ ಭಾರವಿತ್ತು. ಎರಡು ಸಲ ಸಮುದ್ರದ ಕಟ್ಟೆಯ ಮೇಲೆ ಇಟ್ಟು ಕೈ ಬದಲಾಯಿಸಿಕೊಂಡ.

ಪಕ್ಕದ ಮನೆಯ ದೋನ್ಯಾ ಉಂಬೆಲಿನಾ ತಂತಿಯಿಂದ ಬಟ್ಟೆ ತೆಗೆಯುತ್ತಿದ್ದಳು. ಚಳಿಗೆ ಸೆಟೆದುಕೊಂಡ ಪ್ಯಾಂಟುಗಳನ್ನು ಹಲಗೆಯ ಹಾಗೆ ಕಂಕುಳಲ್ಲಿ ಇರುಕಿಕೊಂಡಿದ್ದಳು. ಗಾಡಿ ಮಲಗಿಸಿ ಬಂದಿರಾ ಎಂದು ಕೇಳಿದಳು. ಹೂಂ ಎಂದ. ನಿಮ್ಮ ಕೊಂಪಾದ್ರೆ ಹೇಗಿದ್ದಾರೆ ಪಾಪ, ಹೆಂಡತಿ ಹೋದ ಮೇಲೆ ಒಬ್ಬರೇ ಆಗಿಬಿಟ್ಟರು ಎಂದಳು.

"ಚೆನ್ನಾಗಿದಾನೆ," ಎಂದ ಒನೊಫ್ರೆ. "ನಾಳೆ ಊಟಕ್ಕೆ ಬರ್ಲೇಬೇಕು ಅಂತ ಒಂದೇ ಸಮ ಬಲವಂತ ಮಾಡ್ದ."

"ಹೋಗಿ ಮತ್ತೆ. ಅವ್ರಿಗೂ ಇನ್ಯಾರಿದಾರೆ?"

"ಹೋಗ್ತೀನಿ. ಹೋಗ್ದೆ ಇರೋಕಾಗುತ್ತಾ?"

ಮರುದಿನ ಹನ್ನೊಂದು ಗಂಟೆಗೆ ಅವನು ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಉಂಬೆಲಿನಾ ಕಿಟಕಿಯಲ್ಲಿರುವುದನ್ನು ನೋಡಿಕೊಂಡು ಮನೆಯಿಂದ ಹೊರಟ. ನಾಲ್ಕು ಗಂಟೆಯ ತನಕ ಎಲ್ಲಾದರೂ ಇರಬೇಕಾಗಿತ್ತು.